ಆಟದೊಳಗಿನ ಪಾಠ

ಮಕ್ಕಳಿಗೆ ಆಟದ ಮೂಲಕ ಪಾಠವನ್ನು ಕಲಿಸಬೇಕೆಂಬ ಮಾತಿಗೆ ಈಗ ವಿರೋಧಿಗಳು ವಿರಳ. ಆದರೆ ಶೈಕ್ಷಣಿಕ ಆಟಗಳೆಂಬ ಹೆಸರಿನಿಂದ ಶಾಲೆಗಳನ್ನು ಸೇರುವ ಸರಕಿನಲ್ಲಿ ಎಷ್ಟೋ ಭಾಗವು ಬಣ್ಣ ಬಳಿದ ಪ್ರಶ್ನಪತ್ರಿಕೆಯೇ ಸರಿ. ಲೆಕ್ಕವನ್ನು ಬಿಡಿಸಿದ ಬಾಲಕನಿಗೆ ರಾಕ್ಷಸನನ್ನು ಹೊಡೆಯುವ ಅವಕಾಶ ದೊರೆಯುತ್ತದೆ. ಲೆಕ್ಕಕ್ಕೂ ರಾಕ್ಷಸನಿಗೂ ಯಾವ ಸಂಬಂಧವೂ ಇಲ್ಲ. ಹುಡುಗನು ಈ ಗುಟ್ಟನ್ನು ಬೇಗನೆ ಅರಿತು, ಲೆಕ್ಕವನ್ನು ಸುಂಕದಂತೆ ತೆತ್ತು ಮುಂದೆ ಸಾಗುತ್ತಾನೆ.

ಇದಕ್ಕಿಂತ ಮೇಲಾದ ಪ್ರಯತ್ನವೊಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 1971ರಲ್ಲಿಯೇ ನಡೆಯಿತು. ಉಪಾಧ್ಯಾಯ ವೃತ್ತಿಯ ತರಬೇತಿಯಲ್ಲಿದ್ದ ಡಾನ್ ರಾವಿಚ್ ಎಂಬುವರು, ಹಿಂದಿನ ಶತಮಾನದ ವಲಸೆಗಾರರು ಬಂಡಿ ಕಟ್ಟಿಕೊಂಡು ಪಶ್ಚಿಮದ ಆರೆಗನ್ ಸೀಮೆಗೆ ಹೋದ ಚರಿತ್ರೆಯನ್ನು ಬೋಧಿಸಲು ಭೂಪಟದ ಮೇಲಿನ ಆಟವೊಂದನ್ನು ಯೋಚಿಸಿದ್ದರು. ಒಂದೇ ಮನೆಯಲ್ಲಿ ವಾಸವಾಗಿದ್ದ ಬಿಲ್ ಹೈನೆಮನ್, ಪಾಲ್ ಡಿಲನ್‌ಬರ್ಗರ್ ಎಂಬ ಗಣಿತದ ಮಿತ್ರರು ಅದನ್ನು ಗಣಕಯಂತ್ರಕ್ಕೆ ಅಳವಡಿಸಿದರು. ‘ಆರೆಗನ್ ಟ್ರೇಲ್’ ಎಂಬ ಆಟವು ಹುಟ್ಟಿದುದು ಹೀಗೆ.

1978ರಲ್ಲಿ ಪ್ರಕಟವಾದ ಅದರ ಕ್ರಮವಿಧಿಯನ್ನು ವಾಚಕರು ಗಮನಿಸಬೇಕು. ಬಂಡಿಗೆ 200 ಡಾಲರು ಕೊಟ್ಟ ಮೇಲೆ ಕುಟುಂಬದ ಕೈಯಲ್ಲಿ ಉಳಿಯುವುದು 700 ಡಾಲರು. ಸಾಗಬೇಕಾದುದು 2040 ಮೈಲಿ. ಎತ್ತುಗಳಿಗೆ ಹೆಚ್ಚು ವೆಚ್ಚಮಾಡಿದವನು ಬೇಗ ಸಾಗುವನು. ಬಟ್ಟೆಯಲ್ಲಿ ಜಿಪುಣತನ ತೋರಿದವನು ಚಳಿಗೆ ಸಿಕ್ಕಿ ಕಾಯಿಲೆ ಬೀಳುವನು. ಹೊಟ್ಟೆ ಕಟ್ಟಿ ಧಾನ್ಯವನ್ನು ಉಳಿಸಿದವನಿಗೂ ರೋಗಭಯ ತಪ್ಪದು. ವಲಸೆಯ ಕಷ್ಟವನ್ನು ಉಪಾಧ್ಯಾಯನು ಬಾಯಿಂದ ವರ್ಣಿಸಬೇಕಾಗಿಲ್ಲ, ಆಟದ ನಿಯಮವೇ ಅದನ್ನು ಕಲಿಸುತ್ತದೆ. 1974ರಲ್ಲಿ ಮಿನ್ನಸೋಟದ ಶಿಕ್ಷಣ ಗಣಕ ಸಂಸ್ಥೆಯನ್ನು ಸೇರಿದ ರಾವಿಚ್‌ರು ವಲಸೆಗಾರರ ದಿನಚರಿಗಳನ್ನು ಓದಿ, ದಾರಿಯ ಅಪಘಾತಗಳು ಎಷ್ಟೆಷ್ಟು ಬಾರಿ ಒದಗಬೇಕೆಂಬುದನ್ನು ಅವುಗಳಿಗನುಸಾರವಾಗಿ ತಿದ್ದಿದರು. ಆಟದ ಆಕಸ್ಮಿಕಗಳಿಗೂ ಚರಿತ್ರೆಯ ಆಧಾರವನ್ನು ಕೊಟ್ಟ ಈ ಶ್ರಮವನ್ನೇ ನಾವು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುತ್ತೇವೆ.

ಆದರೂ ದೋಷವಿಲ್ಲದಿರಲಿಲ್ಲ. ಬೇಟೆಯ ಸಮಯದಲ್ಲಿ ‘ಬ್ಯಾಂಗ್’ ಎಂಬ ಪದವನ್ನು ಎಷ್ಟು ಬೇಗ ಬೆರಳಚ್ಚಿಸಿದರೆ ಅಷ್ಟು ಮಾಂಸ! ಇದು ಬೆರಳುಗಳ ಚುರುಕಿನ ಪರೀಕ್ಷೆಯೇ ಹೊರತು ಚರಿತ್ರೆಯಲ್ಲ. ಹುಡುಗರಿಗೆ ಪ್ರಿಯವಾದುದೂ ಅದೇ. 1985ರ ಆವೃತ್ತಿಯಲ್ಲಿ, ಎಷ್ಟು ಪ್ರಾಣಿಗಳನ್ನು ಕೊಂದರೂ ಒಂದು ಬೇಟೆಯಿಂದ 100 ರಾತಲಿಗಿಂತ ಹೆಚ್ಚು ಮಾಂಸವನ್ನು ಬಂಡಿಗೆ ತರಲಾಗದೆಂಬ ನಿಯಮವಿತ್ತು. ಹೀಗೆ ವ್ಯರ್ಥವಾದ ಕೊಲೆಯೂ ಒಂದು ಪಾಠವಾಯಿತು.

ಇನ್ನೊಂದು ಲೋಪವು ನಿಯಮದಿಂದ ತೀರುವಂಥದಲ್ಲ. ಬಂಡಿಗಳು ಯಾರ ನೆಲದ ಮೇಲೆ ಸಾಗಿದವೋ ಆ ಮೂಲನಿವಾಸಿಗಳನ್ನು ಆಟವು ಬಹುಕಾಲ ವಲಸೆಗಾರರ ಕಣ್ಣಿನಿಂದಲೇ ತೋರಿಸಿತು. 2021ರ ಹೊಸ ಆವೃತ್ತಿಗೆ ಮೂಲನಿವಾಸಿಗಳ ಇತಿಹಾಸವನ್ನು ಬಲ್ಲ ವಿದ್ವಾಂಸರ ಸಲಹೆಯನ್ನು ಪಡೆದರು. ಮೊದಲ ಆಟವು ತರಗತಿಗೆ ಬಂದು ಅಷ್ಟು ಹೊತ್ತಿಗೆ ಐವತ್ತು ವರ್ಷಗಳಾಗಿದ್ದವು.