ಹಾಡು ಒಬ್ಬರದು, ಹಕ್ಕು ಯಾರದು?

ಪ್ಯಾರಿಸ್ ನಗರ, 1847. ಅಲ್ಲಿನ ಹೆಸರಾಂತ ‘ಅಂಬಾಸದೊರ್’ ಕೆಫೆಗೆ ಬಂದಿದ್ದ ಗೀತರಚನೆಕಾರ ಅರ್ನೆಸ್ಟ್ ಬೂರ್ಜೆ, ಪಾನೀಯ ಕುಡಿದ ಮೇಲೆ ಅದರ ಬಿಲ್ಲು ತೆರಲು ನಿರಾಕರಿಸಿದ. ಅವನ ವಾದ ಸರಳವಾಗಿತ್ತು. ಕೆಫೆಯಲ್ಲಿ ಅವನ ಕೃತಿಗಳನ್ನು ನುಡಿಸಿ ಗಿರಾಕಿಗಳನ್ನು ರಂಜಿಸುತ್ತಿದ್ದರು. ಅದಕ್ಕಾಗಿ ಅವನಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಹಾಡಿಗೆ ಬೆಲೆ ಕೊಡದವರ ಪಾನೀಯಕ್ಕೆ ತಾನೇಕೆ ಬೆಲೆ ಕೊಡಬೇಕು ಎಂದು ಅವನು ಕೇಳಿದ. ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ತೀರ್ಪು ಬೂರ್ಜೆಯ ಪರವಾಗಿ ಬಂತು. ಇದರ ಫಲವಾಗಿ 1851ರಲ್ಲಿ ಗೀತರಚನೆಕಾರರು, ಸಂಯೋಜಕರು ಹಾಗೂ ಪ್ರಕಾಶಕರ ಪರವಾಗಿ ಶುಲ್ಕ ವಸೂಲು ಮಾಡುವ ‘ಸಾಸೆಮ್’ ಎಂಬ ಸಂಘ ಹುಟ್ಟಿತು. ಅದು ಇಂದಿಗೂ ಕೆಲಸ ಮಾಡುತ್ತಿದೆ.

ಒಂದು ಲೋಟ ಪಾನೀಯದಿಂದ ಆರಂಭವಾದ ಆ ತಕರಾರು ಈಗ ಸ್ನಾತಕೋತ್ತರ ಪದವಿಯ ಪಠ್ಯವಿಷಯವಾಗಿದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದಲ್ಲಿ ‘ಸಂಗೀತ ವ್ಯವಹಾರ ನಿರ್ವಹಣೆ’ ಎಂಬ ಎಂ.ಎ. ಪದವಿಯೇ ಇದೆ. ಈ ಸಂಸ್ಥೆ 1838ರಲ್ಲಿ ಪಾಲಿಟೆಕ್ನಿಕ್ ಆಗಿ ಆರಂಭವಾಗಿ, 1992ರಲ್ಲಿ ವಿಶ್ವವಿದ್ಯಾಲಯವಾಯಿತು. ಬ್ರಿಟನ್ನಿನ ಪಾಲಿಟೆಕ್ನಿಕ್‌ಗಳಿಗೆ ವಿಶ್ವವಿದ್ಯಾಲಯದ ಸ್ಥಾನ ದೊರೆತದ್ದು ಆ ವರ್ಷವೇ. ಕಸುಬಿಗೆ ಹತ್ತಿರವಾದ ಶಿಕ್ಷಣ ಕೊಡುವುದು ಅವುಗಳ ಹಳೆಯ ಪರಂಪರೆ. ಸಂಗೀತದ ವ್ಯವಹಾರವೂ ಒಂದು ಕಸುಬು ಎಂದು ಒಪ್ಪಿಕೊಳ್ಳಲು ಇಂತಹ ಸಂಸ್ಥೆಗಳಿಗೆ ಹೆಚ್ಚು ಸಂಕೋಚವಾಗಲಿಲ್ಲ. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯವಂತೂ 1960ರ ದಶಕದಲ್ಲೇ ಈ ವಿಷಯದಲ್ಲಿ ಪದವಿ ತರಗತಿಗಳನ್ನು ತೆರೆದಿತ್ತು.

ಇಂತಹ ತರಗತಿಯಲ್ಲಿ ಕುಳಿತವರು ಹಾಡಲೇಬೇಕೆಂದಿಲ್ಲ. ಇಲ್ಲಿ ಸ್ವರಜ್ಞಾನಕ್ಕಿಂತ ಕರಾರುಪತ್ರದ ಜ್ಞಾನ ಮುಖ್ಯ. ಹಕ್ಕುಸ್ವಾಮ್ಯ ಕಾನೂನು, ಸಂಗೀತ ಪ್ರಕಾಶನ, ಧ್ವನಿಮುದ್ರಣ, ಕಛೇರಿಗಳ ಆಯೋಜನೆ, ಕಲಾವಿದರ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರನ ಹೊಣೆ, ಪ್ರಚಾರ, ಲೆಕ್ಕಪತ್ರ ಇವು ಕಲಿಯಬೇಕಾದ ವಿಷಯಗಳು. ಕೊನೆಯಲ್ಲಿ ಪ್ರಬಂಧವನ್ನೋ ವ್ಯವಹಾರ ಯೋಜನೆಯನ್ನೋ ಸಿದ್ಧಪಡಿಸುವುದು ವಾಡಿಕೆ.

ಈ ವಿದ್ಯೆಯ ಮೊದಲ ಪಾಠ ಎಂದರೆ, ಒಂದು ಹಾಡಿನಲ್ಲಿ ಎರಡು ಆಸ್ತಿಗಳಿರುತ್ತವೆ ಎಂಬುದು. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಮೇಲಿನ ಹಕ್ಕು ಒಂದು. ಆ ಹಾಡಿನ ಧ್ವನಿಮುದ್ರಿಕೆಯ ಮೇಲಿನ ಹಕ್ಕು ಇನ್ನೊಂದು. ಮನೆಯ ನಕ್ಷೆಯೇ ಬೇರೆ, ಕಟ್ಟಿದ ಮನೆಯೇ ಬೇರೆ ಎಂಬಂತೆ. ಎರಡಕ್ಕೂ ಬೇರೆ ಬೇರೆ ಒಡೆಯರಿರಬಹುದು.

ಈ ವ್ಯತ್ಯಾಸದ ಮಹತ್ವವನ್ನು ಜಗತ್ತಿಗೆಲ್ಲ ತಿಳಿಸಿದ್ದು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಪ್ರಕರಣ. ಆಕೆಯ ಮೊದಲ ಆರು ಆಲ್ಬಂಗಳ ಧ್ವನಿಮುದ್ರಿಕೆಗಳು ಕಂಪನಿಯ ಒಡೆತನದಲ್ಲಿದ್ದವು. 2019ರಲ್ಲಿ ಕಂಪನಿಯೇ ಮಾರಾಟವಾದಾಗ ಅವೂ ಬೇರೆಯವರ ಪಾಲಾದವು. ಆದರೆ ಹಾಡುಗಳನ್ನು ಬರೆದವಳಾಗಿ ಆಕೆಯ ಹಕ್ಕು ಉಳಿದಿತ್ತು. ಅದರ ಬಲದಿಂದ 2021ರಿಂದ ಆರಂಭಿಸಿ ನಾಲ್ಕು ಆಲ್ಬಂಗಳನ್ನು ಮತ್ತೆ ಹೊಸದಾಗಿ ಹಾಡಿ ಬಿಡುಗಡೆ ಮಾಡಿದಳು. ಕೊನೆಗೆ 2025ರಲ್ಲಿ ಹಳೆಯ ಮುದ್ರಿಕೆಗಳನ್ನೂ ಕೊಂಡುಕೊಂಡಳು. ಎಲ್ಲ ಕಲಾವಿದರಿಗೂ ಅಷ್ಟು ಹಣವಾಗಲಿ ಅಭಿಮಾನಿ ಬಳಗವಾಗಲಿ ಇರುವುದಿಲ್ಲ. ಅವರ ಪಾಲಿಗೆ ಸಹಿ ಹಾಕುವ ಮುನ್ನ ತಿಳಿದಿದ್ದಷ್ಟೇ ರಕ್ಷಣೆ.

ಎರಡನೆಯ ಪಾಠ ಮುಂಗಡ ಹಣದ್ದು. ಲೆಕ್ಕದ ಸುಲಭಕ್ಕಾಗಿ ಒಂದು ಉದಾಹರಣೆ ನೋಡಬಹುದು. ಕಂಪನಿ ಗಾಯಕನಿಗೆ 10 ಲಕ್ಷ ರೂಪಾಯಿ ಮುಂಗಡ ಕೊಟ್ಟು, ಧ್ವನಿಮುದ್ರಣಕ್ಕೆ 5 ಲಕ್ಷ ಖರ್ಚು ಮಾಡುತ್ತದೆ. ಗಾಯಕನ ಪಾಲು ಶೇಕಡಾ 20; ಈ 15 ಲಕ್ಷ ಅವನ ಪಾಲಿನಿಂದಲೇ ವಜಾ ಆಗಬೇಕೆಂದು ಕರಾರು. ಆಲ್ಬಂ 50 ಲಕ್ಷ ಗಳಿಸಿದರೆ ಗಾಯಕನ ಪಾಲು 10 ಲಕ್ಷ. ಆದರೆ ಅದು ಅವನ ಕೈಗೆ ಬರುವುದಿಲ್ಲ, ಸಾಲಕ್ಕೆ ಜಮೆಯಾಗುತ್ತದೆ. ಅವನ ಖಾತೆಯಲ್ಲಿ ಇನ್ನೂ 5 ಲಕ್ಷ ಬಾಕಿ. ಅತ್ತ ಕಂಪನಿ ಹಾಕಿದ 15 ಲಕ್ಷ ವಾಪಸು ಬಂದು, ಪ್ರಚಾರ ಮುಂತಾದ ವೆಚ್ಚಗಳನ್ನು ಕಳೆಯುವ ಮೊದಲು 35 ಲಕ್ಷ ಉಳಿದಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲವೂ ಕರಾರಿನಂತೆಯೇ ನಡೆದಿದೆ. ಅಪಾಯವಿರುವುದು ಆ ಕರಾರನ್ನು ಒಬ್ಬರು ಮಾತ್ರ ಅರ್ಥಮಾಡಿಕೊಂಡಿರುವುದರಲ್ಲಿ.

ಭಾರತದಲ್ಲಿ ಈ ಅಜ್ಞಾನದ ಬೆಲೆಯನ್ನು ಹೆಚ್ಚಾಗಿ ತೆತ್ತವರು ಚಿತ್ರಗೀತೆ ಬರೆದವರು. ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ಬರೆಸಿದ ಚಿತ್ರಗೀತೆಯ ಮೊದಲ ಒಡೆಯ ನಿರ್ಮಾಪಕನೇ ಎಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿತ್ತು. 2012ರಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಯಿತು. ರಾಜ್ಯಸಭೆಯಲ್ಲಿ ಇದರ ಪರವಾಗಿ ಮಾತನಾಡಿದವರಲ್ಲಿ ಕವಿ ಜಾವೇದ್ ಅಖ್ತರ್ ಪ್ರಮುಖರು. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಬರುವುದನ್ನು ಬಿಟ್ಟು, ಬೇರೆ ಬಳಕೆಗಳಿಂದ ಬರುವ ಗೌರವಧನದಲ್ಲಿ ಸಾಹಿತಿಗೂ ಸಂಯೋಜಕನಿಗೂ ಸಮಪಾಲು ಸಲ್ಲಬೇಕು. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಹೊರತು ಬೇರಾರಿಗೂ ಅವರು ಅದನ್ನು ಬಿಟ್ಟುಕೊಡುವಂತಿಲ್ಲ. ಕೃತಿಯ ಹಕ್ಕುಸ್ವಾಮ್ಯ ಕೃತಿಕಾರನ ಮರಣಾನಂತರ 60 ವರ್ಷ ಉಳಿಯುತ್ತದೆ. ಕನ್ನಡ ಚಿತ್ರಗಳಿಗೆ ಹಾಡು ಬರೆಯುವವರಿಗೂ ಅವರ ಮಕ್ಕಳು ಮರಿಗಳಿಗೂ ಇದು ಅನ್ವಯಿಸುತ್ತದೆ.

ಆದರೆ ಕಾನೂನು ಕೊಟ್ಟದ್ದು ತಾನಾಗಿಯೇ ಮನೆಗೆ ಬರುವುದಿಲ್ಲ. ಸಂಘದ ಸದಸ್ಯತ್ವ ಪಡೆಯಬೇಕು, ಹಾಡುಗಳನ್ನು ನೋಂದಾಯಿಸಬೇಕು, ಬರೆದವರ ಹೆಸರು ದಾಖಲೆಯಲ್ಲಿ ಸರಿಯಾಗಿರಬೇಕು. 2024ರಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯದ ಮೂರನೇ ಎರಡು ಭಾಗಕ್ಕೂ ಹೆಚ್ಚು ಬಂದದ್ದು ಅಂತರ್ಜಾಲದ ಮೂಲಕ ಆಲಿಸುವ ಸ್ಟ್ರೀಮಿಂಗ್‌ನಿಂದ. ಅಲ್ಲಿ ಪೈಸೆಗಳು ಕೋಟ್ಯಂತರ ಸಲ ಕೂಡಿ ರೂಪಾಯಿಯಾಗುತ್ತವೆ. ದಾಖಲೆಯಲ್ಲಿ ಹೆಸರು ತಪ್ಪಿದರೆ ಆ ಪೈಸೆಗೆ ದಾರಿ ತಪ್ಪುತ್ತದೆ.

ಹಾಗೆಂದು ವಿದೇಶದ ಪದವಿಯೇ ಪರಿಹಾರವೆಂದು ತಿಳಿಯಬೇಕಾಗಿಲ್ಲ. ಹೊರದೇಶದ ವಿದ್ಯಾರ್ಥಿಗಳಿಗೆ ಅದರ ಶುಲ್ಕ ದುಬಾರಿ. ಅಲ್ಲಿ ಕಲಿತ ಬ್ರಿಟಿಷ್ ಕಾನೂನು ಇಲ್ಲಿ ಯಥಾವತ್ತಾಗಿ ನಡೆಯುವುದೂ ಇಲ್ಲ. ಪರಿಚಯ, ನಂಬಿಕೆಗಳ ಮೇಲೆ ನಿಂತಿರುವ ಈ ವ್ಯವಹಾರದಲ್ಲಿ ಪ್ರಮಾಣಪತ್ರ ಕೆಲಸದ ಖಾತರಿಯೂ ಅಲ್ಲ. ಆದರೆ ಹಿಂದೆ ಕಂಪನಿಯ ವಕೀಲರ ಕಪಾಟಿನಲ್ಲಷ್ಟೇ ಇದ್ದ ತಿಳಿವಳಿಕೆ ಈಗ ತರಗತಿಯ ಕೋಣೆಗೆ ಬಂದಿದೆ ಎಂಬುದು ಸಣ್ಣ ಸಂಗತಿಯಲ್ಲ. ನಮ್ಮ ಸಂಗೀತ ಕಾಲೇಜುಗಳು ರಾಗಲಕ್ಷಣದ ಜೊತೆಗೆ ಕರಾರುಪತ್ರ ಓದುವುದನ್ನೂ ವಾರಕ್ಕೊಂದು ಗಂಟೆ ಕಲಿಸಿದರೆ ಅದರ ಅರ್ಧ ಪ್ರಯೋಜನ ಇಲ್ಲಿಯೇ ದೊರೆತೀತು.

ಬೂರ್ಜೆ ಇಂತಹ ಯಾವ ಪದವಿಯನ್ನೂ ಪಡೆದವನಲ್ಲ. ಹಾಡು ತನ್ನದು ಎಂಬುದಷ್ಟು ಅವನಿಗೆ ಖಚಿತವಾಗಿತ್ತು. ಅಂದು ನುಡಿಸುತ್ತಿದ್ದುದು ಅವನ ಕಣ್ಣೆದುರಿಗೇ. ಆದ್ದರಿಂದ ಕೇಳುವುದು ಸುಲಭವಾಯಿತು. ಇಂದು ಹಾಡು ಎಲ್ಲಿ, ಯಾರ ಕಿವಿಯಲ್ಲಿ ಮೊಳಗುತ್ತಿದೆ ಎಂಬುದು ಬರೆದವನಿಗೆ ಕಾಣುವುದಿಲ್ಲ. ಕೇಳಿ ಪಡೆಯಲು ಈಗ ಧೈರ್ಯದ ಜೊತೆಗೆ ಲೆಕ್ಕವೂ ತಿಳಿದಿರಬೇಕು.