ಎಳಸು ಎಂಬ ಮಾತು

ತುಂಗಭದ್ರೆಯ ತಡಿಯಲ್ಲಿರುವ ಗದಗ ಜಿಲ್ಲೆಯ ಕೊರ್ಲಹಳ್ಳಿಯ ಸೀಮೆಯಲ್ಲಿ, ಹಿಂಗಾರಿಯ ಬಿಳಿಜೋಳವು ತೆನೆಗಟ್ಟಿ, ಕಾಳಿನೊಳಗಣ ಹಾಲು ಇನ್ನೇನು ಗಟ್ಟಿಯಾಗಬೇಕೆನ್ನುವ ಹೊತ್ತಿಗೆ, ಆ ತೆನೆಯನ್ನು ಮುರಿದು ತಂದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದುದುರಿಸಿ, ಗುರೆಳ್ಳಿನ ಚಟ್ನಿ ಬೆಲ್ಲಗಳೊಡನೆ ಮೆಲ್ಲುವ ಸೀತನಿಯ ಸವಿಯನ್ನು ಬಲ್ಲವರಿಗೆ ‘ಎಳಸು’ ಎಂಬ ಶಬ್ದವು ಬರಿಯ ನಿಂದೆಯಾಗಿ ಕೇಳಿಸಲಾರದು.

ಹಾಗೆಂದು ನಿಂದೆಯ ಪ್ರಯೋಗವಿಲ್ಲವೆಂದಲ್ಲ. ಹೊಸದಾಗಿ ಕೂರಿಗೆ ಹಿಡಿದ ಹುಡುಗನ ಸಾಲು ಡೊಂಕಾದರೆ ಹಿರಿಯರು, ‘ಇನ್ನಾ ಎಳಸು ಅದಾನ, ಬಿಡ್ರಿ’ ಎಂದು ನಕ್ಕುಬಿಡುವರು. ಆ ‘ಇನ್ನಾ’ ಎಂಬ ಪುಟ್ಟ ಅವ್ಯಯದಲ್ಲಿಯೇ ಅರ್ಥದ ಅರ್ಧಾಂಶವು ಅಡಗಿರುವುದು.

ಪತ್ರಿಕೆಗಳೂ ಕಚೇರಿಗಳೂ ಮನ್ನಿಸುವ ಶಬ್ದವು ‘ಅನನುಭವಿ’. ‘ಅನುಭವ’ದ ಧಾತು ‘ಭೂ’, ಎಂದರೆ ಆಗುವುದು. ಹನ್ನೆರಡನೆಯ ಶತಮಾನದ ಶರಣರು ಆತ್ಮಸಾಕ್ಷಾತ್ಕಾರದ ಎತ್ತರಕ್ಕೇರಿಸಿದ ಈ ಶಬ್ದವನ್ನು ನಾವು ನೌಕರಿಯ ಜಾಹೀರಾತಿಗಿಳಿಸಿ ‘2 ವರ್ಷದ ಅನುಭವ’ವೆಂದು ಅಳೆಯಹತ್ತಿದ್ದೇವೆ; ಇದು ನನಗೆ ಅಷ್ಟಾಗಿ ರುಚಿಸದ ಸಂಗತಿ, ಇರಲಿ. ನನ್ನ ಆಕ್ಷೇಪವು ಬೇರೆ. ‘ಅನನುಭವಿ’ಯು ಒಬ್ಬನಲ್ಲಿ ಏನಿಲ್ಲವೆಂಬುದನ್ನು ಸಾರಿ ಸುಮ್ಮನಾಗುವುದು, ‘ಎಳಸು’ ಎಂದಾಗಲಾದರೋ ಬಲಿಯುವ ಕಾಲವೂ ಕಣ್ಣೆದುರಿಗೆ ಬರುವುದು. ಹಳಗನ್ನಡದ ‘ಪಸಿ’ಯಿಂದ ಬಂದ ‘ಹಸಿ’ಯದೂ ಇದೇ ಗುಣ: ಹರಳು ನಾಟುವುದು ಹಸಿಗೋಡೆಯಲ್ಲಿಯೇ ಎಂಬುದನ್ನು ನಮ್ಮ ಗಾದೆಯು ಎಂದೋ ಕಂಡುಕೊಂಡಿದೆ. ‘ಹೊಸಬ’ನಿಗೆ ಪ್ರಾಯದ ಹಂಗಿಲ್ಲ. ಜೀವಮಾನವೆಲ್ಲ ಹೊಲ ಗೇದವನೂ ಹರಿಗೋಲಿಗೆ ಹೊಸಬನೇ. ಅವನು ಹುಟ್ಟು ಹಾಕಿದರೆ ಆ ದುಂಡು ದೋಣಿ ಮುಂದೆ ಸಾಗದೆ ನಿಂತಲ್ಲಿಯೇ ಗಿರಗಿರನೆ ತಿರುಗುವುದು. ಇವರಾರೂ ‘ಮಳ್ಳ’ರಲ್ಲ, ಎಂದರೆ ದಡ್ಡರಲ್ಲ; ಮಳ್ಳನ ಎಣಿಕೆಯೇ ಬೇರೆ.

941ರ ಸುಮಾರಿಗೆ ಪಂಪನು ತನ್ನ ಕಾವ್ಯದ ನುಡಿಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಕರೆದುಕೊಂಡನು. ಆ ಪುಲಿಗೆರೆಯೇ ಇದೇ ಗದಗ ಜಿಲ್ಲೆಯ ಇಂದಿನ ಲಕ್ಷ್ಮೇಶ್ವರ. ತಿರುಳನ್ನು ಬಲ್ಲ ನಾಡಿಗೆ ಎಳಸನ್ನು ಹೇಳಲು ಎರವಿನ ಶಬ್ದವೇಕೆ? (ಹೀಗೆನ್ನುವ ಲೇಖನವೇ ಸಂಸ್ಕೃತಶಬ್ದಗಳಿಂದ ತುಂಬಿರುವುದನ್ನು ಕಂಡು ವಾಚಕರು ನಕ್ಕರೆ ನಾನು ಮರುಮಾತಾಡಲಾರೆ.)

ಜಾಹೀರಾತು ಬರೆಯುವ ಮಹನೀಯರು ‘ಅನನುಭವಿಗಳು ಅರ್ಜಿ ಸಲ್ಲಿಸಬೇಕಾಗಿಲ್ಲ’ ಎಂಬ ಸಾಲನ್ನು ಒಮ್ಮೆ ಹೊಡೆದುಹಾಕಿ, ‘ಎಳೆಯರೂ ಬರಲಿ’ ಎಂದು ಬರೆದು ನೋಡಬೇಕೆಂಬುದು ನನ್ನ ವಿನಂತಿ.