ನಿಸ್ತಂತು ಮೊಡೆಮ್ಮುಗಳೂ ತರಂಗಗಳ ಕಟ್ಟಳೆಯೂ: ಹಾಸನ ಸೀಮೆಯಿಂದ ಒಂದು ನೋಟ

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರವು ೧೯೮೨ರಲ್ಲಿ ಇನ್ಸಾಟ್-೧ಎ ಉಪಗ್ರಹದೊಡನೆ ತನ್ನ ಕಾರ್ಯವನ್ನು ಆರಂಭಿಸಿತು. ಆ ಉಪಗ್ರಹವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೆಟ್ಟು ನಿಂತಿತಾದರೂ, ೧೯೮೩ರಲ್ಲಿ ಮೇಲೇರಿದ ಇನ್ಸಾಟ್-೧ಬಿ ಆ ಕೊರತೆಯನ್ನು ತುಂಬಿತು. ಇದೇ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆ, ಅಂಗಡಿ, ಕಾಲೇಜುಗಳಲ್ಲಿ ಇಂದು ಮೊಡೆಮ್ ಎಂಬ ಪುಟ್ಟ ಪ್ರೇಷಕಗಳು ಹಗಲಿರುಳೂ ತರಂಗಗಳನ್ನು ಬೀರುತ್ತಿವೆ. ದೊಡ್ಡದಕ್ಕೂ ಚಿಕ್ಕದಕ್ಕೂ ಇರುವುದು ಒಂದೇ ಆಕಾಶ. ಅದನ್ನು ಹಂಚಿಕೊಳ್ಳುವ ಬಗೆ ಹೇಗೆಂಬುದೇ ಇಲ್ಲಿಯ ವಿಚಾರ.

ಭೂಸ್ಥಿರ ಉಪಗ್ರಹವು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿದೆ. ತರಂಗದ ಬಲವು ದೂರದ ವರ್ಗಕ್ಕೆ ಅನುಸಾರವಾಗಿ ಕುಗ್ಗುವುದಷ್ಟೆ. ಅಷ್ಟು ದೂರದಿಂದ ಬರುವ ಒಂದು ವಾಟಿಗಿಂತ, ನೂರು ಮೀಟರ್ ಸಮೀಪದಿಂದ ಬರುವ ಒಂದು ವಾಟು ಸುಮಾರು ೧೩,೦೦೦ ಕೋಟಿ ಪಟ್ಟು ಪ್ರಬಲವಾಗಿರುತ್ತದೆ. ಗ್ರಾಹಕ ತಟ್ಟೆಯು ಆಕಾಶದ ಒಂದೇ ಬಿಂದುವಿನತ್ತ ಮುಖಮಾಡಿರುವುದರಿಂದಲೂ, ಇನ್ಸಾಟ್ ಮಾಲೆಯ ಇಳಿತರಂಗಗಳು ೩.೭ರಿಂದ ೪.೨ ಗಿಗಾಹರ್ಟ್ಸ್‌ನಲ್ಲಿದ್ದು ಮೊಡೆಮ್ಮಿನವು ೨.೪ ಮತ್ತು ೫ರ ಆಸುಪಾಸಿನಲ್ಲಿರುವುದರಿಂದಲೂ ಎರಡಕ್ಕೂ ಹೊಂದಾಣಿಕೆ ಸಾಧ್ಯವಾಗಿದೆ. ಆದರೆ ಉಪಕರಣವು ತನಗೆ ಗೊತ್ತುಮಾಡಿದ ಪಟ್ಟಿಯೊಳಗೇ ಇದ್ದರೆ ಮಾತ್ರ ಈ ಮಾತು ಸಲ್ಲುತ್ತದೆ. ಕೀಳುದರ್ಜೆಯ ಉಪಕರಣವು ಪಟ್ಟಿಯ ಹೊರಗೂ ಸೋರುತ್ತದೆ.

ಕಾನೂನಿನ ಚರಿತ್ರೆಯು ಇದಕ್ಕಿಂತ ಸ್ವಾರಸ್ಯಕರವಾದುದು. ೧೯೩೩ರ ಭಾರತೀಯ ನಿಸ್ತಂತು ಕಾಯಿದೆಯು ಅನುಮತಿಪತ್ರವಿಲ್ಲದೆ ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ೧೯೫೨ರಲ್ಲಿ ತರಂಗಗಳ ಹಂಚಿಕೆಗಾಗಿ ಕೇಂದ್ರ ಸರ್ಕಾರದಲ್ಲಿ ಪ್ರತ್ಯೇಕ ವಿಭಾಗವೊಂದು ಸ್ಥಾಪಿತವಾಯಿತು. ೨೦೦೫ರ ಜನವರಿಯಲ್ಲಿ ಬಂದ ನಿಯಮವು ೨.೪ರಿಂದ ೨.೪೮೩೫ ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಅನುಮತಿಪತ್ರದ ಬಂಧನದಿಂದ ಬಿಡುಗಡೆ ಮಾಡಿತು. ಪ್ರೇಷಕದ ಶಕ್ತಿ ಒಂದು ವಾಟನ್ನೂ, ಆಂಟೆನಾ ಸೇರಿದ ಪರಿಣಾಮಶಕ್ತಿ ನಾಲ್ಕು ವಾಟನ್ನೂ ಮೀರಬಾರದು. ಆಂಟೆನಾ ಕಟ್ಟಡದ ಮಾಳಿಗೆಯಿಂದ ಐದು ಮೀಟರಿಗಿಂತ ಮೇಲಕ್ಕೆ ಹೋಗಬಾರದು ಎಂಬುವು ಅದರ ಷರತ್ತುಗಳು. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳಲ್ಲಿ ಗರಿಗಳು ತರಂಗವನ್ನು ಹೀರುವುದರಿಂದ ಕಂಬವನ್ನು ಇನ್ನಷ್ಟು ಎತ್ತರಿಸುವ ಆಸೆ ಸಹಜವೇ. ಆದರೆ ಆ ಎತ್ತರವು ನೆರೆಯ ಊರಿನವರೆಗೂ ಗದ್ದಲವನ್ನು ಒಯ್ಯುತ್ತದೆ.

ಇದಲ್ಲದೆ ನಿಯಮದಲ್ಲಿ ಇನ್ನೊಂದು ಮುಖ್ಯ ಮಾತಿದೆ. ಬಳಸುವವನು ಇತರರಿಗೆ ಅಡಚಣೆ ಮಾಡಕೂಡದು. ತನಗೆ ಅಡಚಣೆಯಾದರೆ ರಕ್ಷಣೆಯನ್ನು ಕೇಳಕೂಡದು. ಅರಕಲಗೂಡಿನ ಕಾಲೇಜೊಂದರ ಸಂಪರ್ಕವು ಪರೀಕ್ಷೆಯ ದಿನವೇ ಪಕ್ಕದ ಅಂಗಡಿಯ ಮೊಡೆಮ್ಮಿನಿಂದ ಕುಂಠಿತವಾದರೂ, ಆ ಅಂಗಡಿಯು ನಿಯಮಬದ್ಧವಾಗಿದ್ದರೆ, ದೂರಿಗೆ ಆಧಾರವಿಲ್ಲ. ಮಹತ್ವದ ಕೆಲಸಕ್ಕೆ ತಂತಿಯನ್ನೇ ನೆಚ್ಚುವುದು ಲೇಸೆಂದು ನನ್ನ ಅಭಿಪ್ರಾಯ. ನಮ್ಮ ಜನ ‘ಅನುಮತಿ ಬೇಡ’ ಎಂಬ ಅರ್ಧವನ್ನು ಬೇಗ ಕಲಿತರು. ‘ರಕ್ಷಣೆಯಿಲ್ಲ’ ಎಂಬ ಉಳಿದರ್ಧವನ್ನು ಓದಿದವರು ವಿರಳ.

ವಿದೇಶದಿಂದ ನೆಂಟರು ತಂದ ಮೊಡೆಮ್ಮುಗಳ ವಿಷಯದಲ್ಲಿಯೂ ಎಚ್ಚರ ಬೇಕು. ದೇಶಗಳ ಪಟ್ಟಿಯಲ್ಲಿ ಭಾರತದ ಬದಲು ಜಪಾನನ್ನು ಆರಿಸಿದರೆ, ಕೆಲವು ಉಪಕರಣಗಳಲ್ಲಿ ಹದಿನಾಲ್ಕನೆಯ ಮಾರ್ಗವು ತೆರೆದುಕೊಳ್ಳುವುದುಂಟು. ಅದರ ಕೇಂದ್ರವು ೨.೪೮೪ ಗಿಗಾಹರ್ಟ್ಸ್, ಎಂದರೆ ನಮ್ಮ ಎಲ್ಲೆಯ ಆಚೆ.

ಆರೋಗ್ಯದ ಭೀತಿಯನ್ನು ಲೆಕ್ಕದಿಂದಲೇ ಅಳೆಯಬಹುದು. ಒಂದು ವಾಟಿನ ಹತ್ತನೆಯ ಒಂದು ಭಾಗವನ್ನು ಎಲ್ಲ ದಿಕ್ಕಿಗೂ ಸಮವಾಗಿ ಬೀರುವ ಮೊಡೆಮ್ಮಿನಿಂದ ಒಂದು ಮೀಟರ್ ದೂರದಲ್ಲಿ ಚದರ ಮೀಟರಿಗೆ ಸುಮಾರು ೦.೦೦೮ ವಾಟು ಬೀಳುತ್ತದೆ. ಈ ಆವರ್ತಾಂಕಗಳಲ್ಲಿ ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಸಮಿತಿಯು ೧೯೯೮ರಲ್ಲಿ ಸೂಚಿಸಿದ ಮಿತಿ ೧೦ ವಾಟು. ಭಾರತವು ೨೦೧೨ರ ಸೆಪ್ಟೆಂಬರಿನಿಂದ ಮೊಬೈಲ್ ಗೋಪುರಗಳಿಗೆ ಅದರ ಹತ್ತನೆಯ ಒಂದು ಭಾಗವನ್ನೇ ವಿಧಿಸಿತು. ಆ ಕಠಿಣ ಮಿತಿಯ ಶತಾಂಶಕ್ಕೂ ಇದು ಕಡಿಮೆ. ಹಾಗೆಂದು ಉಪಕರಣವನ್ನು ತಲೆದಿಂಬಿನ ಬಳಿ ಇಡಬೇಕಾದ ಅಗತ್ಯವೂ ಇಲ್ಲ.

೧೮೮೫ ಮತ್ತು ೧೯೩೩ರ ಕಾಯಿದೆಗಳ ಸ್ಥಾನದಲ್ಲಿ ನಿಲ್ಲಲೆಂದು ಸಂಸತ್ತು ೨೦೨೩ರಲ್ಲಿ ಹೊಸ ದೂರಸಂಪರ್ಕ ಕಾಯಿದೆಯನ್ನು ಅಂಗೀಕರಿಸಿತು. ೨೦೨೫ರ ಮೇ ತಿಂಗಳಲ್ಲಿ ಪ್ರಕಟವಾದ ಕರಡು ನಿಯಮವು ೫.೯೨೫ರಿಂದ ೬.೪೨೫ ಗಿಗಾಹರ್ಟ್ಸ್ ಪಟ್ಟಿಯನ್ನೂ ಮೊಡೆಮ್ಮುಗಳಿಗೆ ತೆರೆಯಲು ಸೂಚಿಸಿತು. ನೆಲದಿಂದ ಉಪಗ್ರಹಗಳಿಗೆ ಏರುವ ತರಂಗಗಳ ಪಟ್ಟಿಯೂ ಇದೇ. ಇಲ್ಲಿ ಅಡಚಣೆಯನ್ನು ಕೇಳಬೇಕಾದ ಕಿವಿ ಸಾಲಗಾಮೆ ರಸ್ತೆಯಲ್ಲಿಲ್ಲ, ಮೇಲಿನ ಉಪಗ್ರಹದಲ್ಲಿದೆ. ಒಂದು ಮನೆಯ ಮೊಡೆಮ್ ಅದಕ್ಕೆ ಕೇಳಿಸದು, ಆದರೆ ದೇಶದ ಕೋಟಿಗಟ್ಟಲೆ ಮನೆಗಳ ಒಟ್ಟು ಗದ್ದಲ ಕೇಳಿಸೀತು. ಮನೆಯೊಳಗಿನ ಉಪಕರಣಕ್ಕೆ ಒಂದು ವಾಟು, ಹೊರಗಿನದಕ್ಕೆ ಕೇವಲ ೨೫ ಮಿಲಿವಾಟು ಎಂಬ ಮಿತಿಗಳನ್ನು ಆ ಕರಡು ಸೂಚಿಸಿದ್ದಕ್ಕೆ ಕಾರಣವನ್ನು ಇದರಿಂದ ಊಹಿಸಬಹುದು: ಗೋಡೆಯೂ ಛಾವಣಿಯೂ ತರಂಗವನ್ನು ಬಹುಮಟ್ಟಿಗೆ ತಡೆಯುತ್ತವೆ.